ಗೋದಲಿಗೆ ಬಂದ ರಾಣಿ

ವಿದ್ಯಾರಣ್ಯಪುರಂ, ಮೈಸೂರು
3 ನವೆಂಬರ್ 2024

ಪ್ರೀತಿಯ ಲೂರ್ದು,

ಇಪ್ಪತ್ತೊಂದು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುವವಳು ನೀನು. ನನ್ನ ಕೈಬರಹ ಕಂಡ ಮೇಲೆ ಓದದೆ ಬಿಡುತ್ತೀಯಾ? ನೋಡೇಬಿಡೋಣ.

ನಿನ್ನೆ ನಿಮ್ಮ ಸತ್ತವರ ಹಬ್ಬ. ಕೊಳ್ಳೇಗಾಲದಿಂದ ನೀನು ಬಂದೇ ಬರುತ್ತೀಯೆಂದು ಬೆಳಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದೆ. ಬರಲಿಲ್ಲ. ಚೌರಪ್ಪನವರ ಸಮಾಧಿ ಬರಿದಾಗಿರುವುದು ಬೇಡವೆಂದು ಕೊನೆಗೆ ನಾನೇ ಹೋದೆ, ಎರಡು ಮೊಳ ಹಳದಿ ಸೇವಂತಿಗೆ, ಒಂದು ಪ್ಯಾಕೆಟ್ ಮೇಣದ ಬತ್ತಿ ಹಿಡಿದುಕೊಂಡು. ನಿನ್ನ ಯಜಮಾನರು ಹೋಗಿ ಏಳು ತಿಂಗಳಾಯಿತು. ಈಗಲೂ ಅವರ ಹೆಸರಿನ ಮುಂದೆ ನಿಂತರೆ, ನಮ್ಮ ದಸರಾ ಗೊಂಬೆಗಳನ್ನು ರಿಪೇರಿಗೆ ತಂದಾಗಿನಂತೆ, "ಏನ್ ಟೀಚರ್, ಈ ಸಲ ಯಾವ ಗೊಂಬೆ ಕೈ ಮುರ್ಕೊಂಡು ಬಂದೈತೆ?" ಎಂದು ಕೇಳಿದ ಹಾಗೆಯೇ ಅನ್ನಿಸುತ್ತದೆ. ಅಲ್ಲಿಯೇ ಸ್ವಲ್ಪ ಅತ್ತೆ.

ಈಗ ಅಸಲು ಸುದ್ದಿ. ಇವತ್ತು ಭಾನುವಾರ, ಎಂದಿನಂತೆ ಚರ್ಚಿನ ಕೊನೆಯ ಬೆಂಚಿನಲ್ಲಿ ಹಾಡು ಕೇಳುತ್ತ ಕೂತಿದ್ದೆ. ಪೂಜೆ ಮುಗಿದ ಮೇಲೆ ಫಾದರ್ ನಿಶಾಂತ್, "ಇಪ್ಪತ್ತಾರು ವರ್ಷ ನಮಗೆ ಗೋದಲಿ ಕಟ್ಟಿಕೊಟ್ಟ ಚೌರಪ್ಪನವರು ಈಗ ಇಲ್ಲ. ಈ ಕ್ರಿಸ್‌ಮಸ್‌ಗೆ ಬೆಂಗಳೂರಿಂದ ಫೈಬರಿನ ರೆಡಿಮೇಡ್ ಸೆಟ್ ತರಿಸೋಣ" ಎಂದರು. ಲೂರ್ದು, ನನಗೆ ಏನಾಯಿತೋ ಗೊತ್ತಿಲ್ಲ. ಆ ಹುಲ್ಲು, ಆ ಕೊಟ್ಟಿಗೆ, ಆ ಕುರಿಗಳು, ಎಲ್ಲ ಪ್ಲಾಸ್ಟಿಕ್ಕಿನ ಹೊಳಪಿನಲ್ಲಿ ಕಣ್ಣ ಮುಂದೆ ಬಂದವು. ಎದ್ದು ನಿಂತೇಬಿಟ್ಟೆ.

"ಬೇಡ ಫಾದರ್. ನಾವೇ ಕಟ್ತೀವಿ."

ಇಡೀ ಚರ್ಚು ತಿರುಗಿ ನೋಡಿತು. "ನಾವು ಅಂದ್ರೆ ಯಾರು ಟೀಚರ್?" ಎಂದರು ಫಾದರ್. "ನಾನು" ಎಂದೆ. ಚಪ್ಪಾಳೆಯೋ ಚಪ್ಪಾಳೆ! "ಹಾಗಾದ್ರೆ ಇನ್ಮೇಲೆ ಮುಂದಿನ ಬೆಂಚಿಗೆ ಬನ್ನಿ" ಎಂದು ನಕ್ಕರು. ಮನೆಗೆ ಬಂದು ಹೇಳಿದರೆ ನಮ್ಮವರು, "ನಿನಗೆ ಒಂದು ಮೊಳೆ ಹೊಡೆಯೋಕೆ ಬರಲ್ಲ, ಸರ್ವಮಂಗಳಾ" ಎಂದು ಪೂರ್ತಿ ಹೆಸರು ಕರೆದರು. ಸುಂದರೇಶರು ಪೂರ್ತಿ ಹೆಸರು ಕರೆಯುವುದು ಗಾಬರಿಯಾದಾಗ ಮಾತ್ರ.

ಕಟ್ಟುವುದನ್ನು ಹೇಗೋ ಕಟ್ಟುತ್ತೇನೆ ಕಣೇ. ಆದರೆ ಮಗು ಬೇಕಲ್ಲ? ಚೌರಪ್ಪನವರು ಬೀಟೆಮರದಲ್ಲಿ ಕೆತ್ತಿದ ಬಾಲಯೇಸು ಇರುವುದು ನಿನ್ನ ಹತ್ತಿರ. ಪ್ರತಿ ವರ್ಷ ಇಪ್ಪತ್ನಾಲ್ಕರ ಸಂಜೆ ನೀನು ಅವನನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದು ಹುಲ್ಲಿನ ಮೇಲೆ ಮಲಗಿಸಿದ ಮೇಲೇ ನಮ್ಮ ಬೀದಿಗೆ ಕ್ರಿಸ್‌ಮಸ್. ಅವನನ್ನು ಕರೆದುಕೊಂಡು ಬಾ.

ನಿನ್ನ
ಮಂಗಳಾ


ಕೊಳ್ಳೇಗಾಲ
9 ನವೆಂಬರ್ 2024

ಮಂಗಳಾ,

ಕಾಗದ ಬಂತು. ಓದಿದೆ. ಸಮಾಧಿಗೆ ಹೂವಿಟ್ಟದ್ದಕ್ಕೆ ವಂದನೆಗಳು.

ಬಾಲಯೇಸು ನನ್ನ ಟ್ರಂಕಿನಲ್ಲಿ ಭದ್ರವಾಗಿದ್ದಾನೆ. ನಾನು ಬರುವುದಿಲ್ಲ, ಅವನನ್ನು ಕಳಿಸುವುದೂ ಇಲ್ಲ. ಫಾದರ್ ಫೈಬರಿನದೇ ತರಿಸಲಿ.

ನೀನು ಹಟಮಾರಿ, ಕಟ್ಟಿಯೇ ಕಟ್ಟುತ್ತೀಯ. ನನ್ನ ಯಜಮಾನರ ಹೆಸರು ಕೆಡುವುದು ಬೇಡವೆಂದು ಇಷ್ಟು ಬರೆಯುತ್ತಿದ್ದೇನೆ. ಗುಹೆಗೆ ಸಿಮೆಂಟು ಚೀಲದ ಕಾಗದವನ್ನು ನೆನೆಸಿ ಮುದುರಬೇಕು, ಒಣಗಿದ ಮೇಲೆ ಬಣ್ಣ. ಹೊಲ ಹಸಿರಾಗಿ ಕಾಣಲು ತಟ್ಟೆಗಳಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಬೇಕು, ಡಿಸೆಂಬರ್ ಹನ್ನೆರಡಕ್ಕೆ ಸರಿಯಾಗಿ. ಮೊದಲೇ ಚೆಲ್ಲಿದರೆ ಉದ್ದವಾಗಿ ಬಿದ್ದುಹೋಗುತ್ತದೆ. ಹಸುವಿನ ಮುಖ ಮಗುವಿನ ಕಡೆಗೆ ಇರಲಿ, ಜನರ ಕಡೆಗಲ್ಲ.

ನಿಮ್ಮ ಮನೆಯ ದಸರಾ ಗೊಂಬೆ ಈ ವರ್ಷವೂ ಚೆನ್ನಾಗಿತ್ತೆಂದು ಕೇಳಿದೆ. ಸಂತೋಷ.

ಇಂತಿ
ಲೂರ್ದು ಮೇರಿ


ವಿದ್ಯಾರಣ್ಯಪುರಂ
1 ಡಿಸೆಂಬರ್ 2024

ಲೂರ್ದು,

"ಇಂತಿ ಲೂರ್ದು ಮೇರಿ" ಅಂತೆ! ಬ್ಯಾಂಕಿನ ಮ್ಯಾನೇಜರಿಗೆ ಬರೆದ ಹಾಗೆ. ಇರಲಿ, ಬರೆದೆಯಲ್ಲ. ಆ ಕಾಗದವನ್ನು ನಾಲ್ಕು ಸಲ ಓದಿದೆ.

ನಿನ್ನ ರಾಗಿಯ ಬುದ್ಧಿವಾದ ತಡವಾಗಿ ಬಂತು ಕಣೇ. ನನ್ನ ಉತ್ಸಾಹ ನಿನಗೆ ಗೊತ್ತಲ್ಲ, ನವೆಂಬರ್ ಐದಕ್ಕೇ ಹನ್ನೊಂದು ತಟ್ಟೆಯಲ್ಲಿ ಚೆಲ್ಲಿಬಿಟ್ಟಿದ್ದೆ. ಹದಿನೈದು ದಿನಕ್ಕೆ ಗೇಣುದ್ದ ಎದ್ದು ಸುಂದರೇಶರ ಕ್ರಾಪಿನ ಹಾಗೆ ಒಂದೇ ಕಡೆ ವಾಲಿತು. ಆಟೊ ಸಿದ್ದರಾಜು ಅಷ್ಟನ್ನೂ ತೆಗೆದುಕೊಂಡು ಹೋಗಿ ಮೇಕೆಗೆ ಹಾಕಿದ. "ಟೀಚರಮ್ಮ, ನಮ್ ಮೇಕೆಗೆ ಈಗ್ಲೇ ಕ್ರಿಸ್‌ಮಸ್ ಬಂದ್ಬುಡ್ತು" ಎಂದು ಇಡೀ ಸ್ಟ್ಯಾಂಡಿಗೆ ಹೇಳಿಕೊಂಡು ಬಂದಿದ್ದಾನೆ.

ಇವತ್ತು, ಕ್ರಿಸ್‌ಮಸ್‌ಗೆ ಕಾಯುವ ನಿಮ್ಮ ಆಗಮನ ಕಾಲದ ಮೊದಲ ಭಾನುವಾರ. ಮೊದಲ ನೇರಳೆ ಬತ್ತಿ ಹಚ್ಚಿದರು. ಚರ್ಚಿನ ಅಂಗಳ ನೀನು ನೋಡಬೇಕಿತ್ತು! ಹೆಂಗಸರೆಲ್ಲ ಕೂತು ಕೇಕಿಗೆ ಒಣದ್ರಾಕ್ಷಿ, ಟೂಟಿ ಫ್ರೂಟಿ ಬೆರೆಸುತ್ತಿದ್ದರು, ಆ ಕಡೆ ಮಕ್ಕಳು ಬಿದಿರು ಸೀಳಿ ನಕ್ಷತ್ರ ಕಟ್ಟುತ್ತಿದ್ದವು, ಮೆಟ್ಟಿಲ ಮೇಲೆ ಗಾನವೃಂದದವರು ಒಂದೇ ಸಾಲನ್ನು ಹತ್ತು ಸಲ ಹಾಡಿ ಹತ್ತು ಸಲವೂ ತಪ್ಪಿದರು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಚೈತನ್ಯ ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲೇ ಬಸ್ಸಿಳಿದು ಬಂದು ಡೋಲಕ್ ಬಾರಿಸಿದ. ನಮ್ಮವರು ದೂರದಲ್ಲಿ ನಿಂತು "ಆಕಾಶಕ್ಕೆ ಆ ನೀಲಿ ಅಲ್ಲ" ಎಂದು ಒಂದು ಮಾತಾಡಿದ್ದಕ್ಕೆ ಅವರ ಕೈಗೇ ಬ್ರಶ್ ಕೊಟ್ಟರು. ಎರಡು ಗಂಟೆ ಏಣಿ ಇಳಿಯಲೇ ಇಲ್ಲ!

ಹಳೆಯ ಮೂರ್ತಿಗಳ ಪೆಟ್ಟಿಗೆ ತೆಗೆದೆವು. ಜೋಸೆಫರಿಗೆ ಮೂಗಿಲ್ಲ, ಎರಡು ಕುರಿಗೆ ತಲೆಯಿಲ್ಲ, ಮಗುವನ್ನು ನೋಡಲು ಬರುವ ಮೂವರು ರಾಜರನ್ನೂ ಗೆದ್ದಲು ತಿಂದಿದೆ. ಕುರಿಗಳ ಬದಲಿಗೆ ನಮ್ಮ ಮನೆಯ ಗೊಂಬೆಗಳಲ್ಲಿನ ಎರಡು ಮೇಕೆ ಕೊಟ್ಟೆ. ರಾಜರ ಜಾಗಕ್ಕೆ ನಮ್ಮ ಬ್ಯಾಂಡ್ ಮಾಸ್ಟರ್ ಗೊಂಬೆ ಒಬ್ಬ, ದಿವಾನರ ಗೊಂಬೆ ಇನ್ನೊಬ್ಬ. ಮೂರನೆಯವನು ನನ್ನ ಪಟ್ಟದ ರಾಜ, ಮದುವೆಯಲ್ಲಿ ಅಮ್ಮ ಕೊಟ್ಟ ಜೋಡಿಯವನು. ಹೇಗೂ ಈ ದಸರಾದಲ್ಲಿ ಪಾಪ, ಒಬ್ಬನೇ ನಿಂತಿದ್ದ.

ರಾಣಿ ಎಲ್ಲಿದ್ದಾಳೆಂದು ನಿನಗೂ ಗೊತ್ತು, ನನಗೂ ಗೊತ್ತು. ಶಿವರಾತ್ರಿಯ ಹೊತ್ತಿಗೆ ಅವಳ ಮುರಿದ ಕೈ ಸರಿಮಾಡಲೆಂದು ಚೌರಪ್ಪನವರಿಗೆ ಕೊಟ್ಟಿದ್ದೆ. ಆಮೇಲೆ ಕೇಳಲು ಬಾಯಿ ಬರಲಿಲ್ಲ. ದಸರಾ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ
ಮಂಗಳಾ


ಕೊಳ್ಳೇಗಾಲ
6 ಡಿಸೆಂಬರ್ 2024

ಮಂಗಳಾ,

ಇನ್ನೊಮ್ಮೆ ಎಂದರೆ ಯಾವಾಗ? ನೀನು ಬರೆಯುವುದಿಲ್ಲ. ನಾನೇ ಬರೆಯುತ್ತೇನೆ.

ನಿನ್ನ ರಾಣಿಯೂ ನನ್ನ ಟ್ರಂಕಿನಲ್ಲೇ ಇದ್ದಾಳೆ. ಅವರು ಕೈ ಅಂಟಿಸಿ ಒಣಗಲು ಇಟ್ಟಿದ್ದರು, ಬಣ್ಣ ಬಾಕಿಯಿತ್ತು. ಅವರು ಹೋಗಿ ನಲವತ್ತು ದಿನ ಕಳೆದ ಮೇಲೆ ಅವರ ಬ್ರಶ್ಶಿನಲ್ಲೇ ನಾನು ಬಣ್ಣ ಹಚ್ಚಿದೆ. ಸೀರೆಗೆ ಹಸಿರು, ಅಂಚಿಗೆ ಚಿನ್ನದ ಬಣ್ಣ. ಅಂಚು ಒಂದು ಕಡೆ ದಪ್ಪವಾಗಿದೆ. ನವರಾತ್ರಿಯ ಮೊದಲ ದಿನ ಬೆಳಗ್ಗೆ ಅವಳನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ಪ್ರತಿ ವರ್ಷ ಹನ್ನೊಂದು ಗಂಟೆಗೆ ನೀನು ಗೇಟಿನಿಂದಲೇ "ಲೂರ್ದೂ, ಸಂಜೆ ಆರತಿಗೆ ಬಾರೇ" ಎಂದು ಕೂಗುತ್ತಿದ್ದೆ. ಈ ವರ್ಷ ಹನ್ನೊಂದಾಯಿತು. ಹನ್ನೆರಡಾಯಿತು. ನನ್ನನ್ನು ಕರೆಯಲು ಮರೆತಿರಬಹುದು, ರಾಣಿಗಾದರೂ ಬರುತ್ತಾಳೆ ಅಂದುಕೊಂಡೆ.

ಮಲ್ಲಿಗೆ ಮುಡಿದವರು ಒಬ್ಬೊಬ್ಬರಾಗಿ ನಿನ್ನ ಗೇಟಿನೊಳಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಕುಂಕುಮ ಇಟ್ಟುಕೊಂಡು, ಚರಪಿನ ತಿಂಡಿ ಹಿಡಿದುಕೊಂಡು ನಗುತ್ತ ಹೊರಗೆ ಬರುವುದನ್ನೂ ನೋಡಿದೆ. ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ ಅಕ್ಕನ ಮಗಳ ಮನೆಗೆ ಬಂದುಬಿಟ್ಟೆ.

ನನ್ನ ಗಂಡ ಸತ್ತದ್ದು ನನಗೆ ಗೊತ್ತಿತ್ತು, ಮಂಗಳಾ. ನಾನೂ ಸತ್ತಿದ್ದೇನೆಂದು ನಿನ್ನ ಮನೆಯ ದಸರಾದಲ್ಲಿ ಗೊತ್ತಾಯಿತು. ನಮ್ಮ ಚರ್ಚಿಗೆ ನೀನು ಬಂದು ಕೂತಾಗ ಯಾರಾದರೂ ಒಂದು ದಿನ, ನೀನು ಯಾರು, ಯಾಕೆ ಬಂದೆ ಎಂದು ಕೇಳಿದರಾ?

ಲೂರ್ದು


ವಿದ್ಯಾರಣ್ಯಪುರಂ
10 ಡಿಸೆಂಬರ್ 2024

ಲೂರ್ದು,

ತಪ್ಪಾಯಿತು.

ಮೂರು ಕಾಗದ ಬರೆದು ಹರಿದೆ. ಮೂರರಲ್ಲೂ ಕಾರಣಗಳೇ ಇದ್ದವು, ಈ ಮಾತು ಇರಲಿಲ್ಲ. ಅದಕ್ಕೇ ಇದನ್ನು ಮೊದಲು ಬರೆದಿದ್ದೇನೆ.

ಹಬ್ಬದ ಹಿಂದಿನ ದಿನ ನಮ್ಮವರ ಅಕ್ಕ ಪಂಕಜಕ್ಕ ಗೊಂಬೆ ಜೋಡಿಸಲು ಬಂದಿದ್ದರು. "ಲೂರ್ದುನ ಈ ಸಲ ಕರೀತೀಯೇನೆ? ಎಲ್ಲರಿಗೂ ಕುಂಕುಮ ಕೊಟ್ಟು ಅವಳೊಬ್ಬಳಿಗೆ ಬಿಟ್ಟರೆ ಅವಳಿಗೆ ಸಂಕಟ ಆಗಲ್ವಾ?" ಎಂದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಿನಗೆ ನೋವಾಗಬಾರದೆಂದೇ ಕರೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಕಣೇ. ಬಂದ ನಾಲ್ಕು ಹೆಂಗಸರು ಏನಂದುಕೊಳ್ಳುತ್ತಾರೋ ಎಂದು ಹೆದರಿದೆ. "ಅವಳಿಗ್ಯಾಕೆ ಬಿಡಬೇಕು, ಅವಳಿಗೂ ಕೊಡೋಣ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ. ನನ್ನ ಮನೆಯ ಕಟ್ಟುಪಾಡನ್ನು ನಿನ್ನ ತಲೆಗೆ ಕಟ್ಟಿ, ಅದಕ್ಕೆ ಕನಿಕರ ಎಂದು ಹೆಸರಿಟ್ಟೆ. ನನಗೇ ನನ್ನ ಮೇಲೆ ಸಿಟ್ಟು ಬರುತ್ತಿದೆ.

ಇನ್ನೊಂದು ಹೇಳಲೇಬೇಕು. ಭಾನುವಾರ ಗೋದಲಿ ಮುಗಿಯಿತು. ಎಷ್ಟು ಚೆನ್ನಾಗಿದೆ ಗೊತ್ತಾ! ನಿನ್ನೆ ಮಧ್ಯಾಹ್ನ ಪಂಕಜಕ್ಕ ಒಬ್ಬರೇ ನೋಡಲು ಹೋಗಿದ್ದಾರೆ. ಎಲ್ಲ ಇದೆ, ನಡುವೆ ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ. ಖಾಲಿ ತೊಟ್ಟಿಲು ಇಡುವುದು ನಮ್ಮಲ್ಲಿ ಅಪಶಕುನ ತಾನೇ? ಅಯ್ಯಯ್ಯೋ, ಮಗು ಇಡೋದನ್ನ ಮರ್ತಿದಾರೆ, ಎಂದು ಮನೆಗೆ ಓಡಿಬಂದು, ನಮ್ಮ ಗೊಂಬೆ ಪೆಟ್ಟಿಗೆಯಿಂದ ಆಲದೆಲೆಯ ಕೃಷ್ಣನನ್ನು ತೆಗೆದು, ಸೆರಗಲ್ಲಿ ಮುಚ್ಚಿಕೊಂಡು ಹೋಗಿ ಮಲಗಿಸಿ ಬಂದಿದ್ದಾರೆ!

ಸಂಜೆ ಜಪಸರದ ಪ್ರಾರ್ಥನೆಗೆ ಬಂದವರೆಲ್ಲ ನೋಡಿದರೆ, ಮೇರಿ ಜೋಸೆಫರ ನಡುವೆ ನೀಲಿ ಮಗು, ಬಾಯಲ್ಲಿ ಕಾಲ್ಬೆರಳು. ಮೊದಲು ನಕ್ಕವರು ಫಾದರ್. ಆಮೇಲೆ ಪಂಕಜಕ್ಕನನ್ನು ಕರೆದು ಕೂರಿಸಿ ಕೃಷ್ಣನನ್ನು ಅವರ ಕೈಗೆ ಕೊಟ್ಟು, "ಮುದ್ದಾಗಿದ್ದಾನೆ ಅಜ್ಜಿ. ಆದ್ರೆ ನಮ್ಮಲ್ಲಿ ಇಪ್ಪತ್ನಾಲ್ಕರವರೆಗೂ ಈ ಜಾಗ ಖಾಲಿ ಇಟ್ಟು ಕಾಯ್ತೀವಿ. ಲೂರ್ದಮ್ಮ ಮಗುನ ತರ್ಬೇಕು" ಎಂದರು.

"ಅವಳು ಬರದೇ ಇದ್ರೆ?"

"ಖಾಲಿನೇ ಇರುತ್ತೆ."

ಪಂಕಜಕ್ಕ ಮನೆಗೆ ಬಂದು ಕೃಷ್ಣನನ್ನು ಪೆಟ್ಟಿಗೆಯಲ್ಲಿಟ್ಟು, "ಆವತ್ತು ನಾನು ಹಾಗೆ ಕೇಳಬಾರದಿತ್ತು ಕಣೇ ಮಂಗಳಾ. ಅವಳನ್ನ ಕರೆಸು" ಎಂದರು. ಅವರಿಗೆ ಎಪ್ಪತ್ತೆಂಟು. ಅವರು ತಮ್ಮ ಮಾತು ವಾಪಸ್ಸು ತೆಗೆದುಕೊಂಡದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿದ್ದು ಇದೇ ಮೊದಲು.

ಬಾರೇ. ನನಗೋಸ್ಕರ ಬೇಡ. ಆ ತೊಟ್ಟಿಲನ್ನು ದಿನಾ ನೋಡಲು ಆಗುತ್ತಿಲ್ಲ.

ಮಂಗಳಾ


ಕೊಳ್ಳೇಗಾಲ
16 ಡಿಸೆಂಬರ್ 2024

ಮಂಗಳಾ,

ನೀಲಿ ಮಗುವಿನ ಕಥೆ ಓದಿ ಎಷ್ಟು ಜೋರಾಗಿ ನಕ್ಕೆನೆಂದರೆ, ಅಕ್ಕನ ಮಗಳು ತುಂಬಿದ ಬಸುರಿ, ಏನಾಯಿತೋ ಎಂದು ಅಡುಗೆಮನೆಯಿಂದ ಓಡಿಬಂದಳು. ಅವರು ಹೋದ ಮೇಲೆ ನಾನು ಹೀಗೆ ನಕ್ಕಿರಲಿಲ್ಲ. ನಗುತ್ತ ನಗುತ್ತಲೇ ಅಳು ಬಂತು. ಅವರಿದ್ದಿದ್ದರೆ ಕೃಷ್ಣನ ಪಕ್ಕಕ್ಕೆ ಒಂದು ಬೆಣ್ಣೆ ಮಡಕೆಯನ್ನೂ ಕೆತ್ತಿ ಇಟ್ಟುಬಿಡುತ್ತಿದ್ದರು.

ಕ್ಷಮಿಸಿದೆ ಎಂದು ಈ ಕಾಗದದಲ್ಲಿ ಬರೆಯುತ್ತಿಲ್ಲ. ಬರೆಯಲು ಹೋದೆ, ಆಗಲಿಲ್ಲ.

ಎರಡನೆಯ ಸಲದ ರಾಗಿಯನ್ನಾದರೂ ಹನ್ನೆರಡಕ್ಕೆ ಚೆಲ್ಲಿದೆಯಾ? ಬೆಳಗ್ಗೆ ಎರಡು ಗಂಟೆ ಬಿಸಿಲಿಗಿಡು, ಇಲ್ಲದಿದ್ದರೆ ಹಳದಿಯಾಗುತ್ತದೆ.

ಇಪ್ಪತ್ನಾಲ್ಕು ಮಂಗಳವಾರ ತಾನೇ? ಮಧ್ಯಾಹ್ನದ ಬಸ್ಸಿನಲ್ಲಿ ಟ್ರಂಕು ಇಡಲು ಜಾಗ ಸಿಗುತ್ತದೆಯೇ ಎಂದು ಸಿದ್ದರಾಜುವನ್ನು ಕೇಳಿ ತಿಳಿಸು.

ಲೂರ್ದು


ವಿದ್ಯಾರಣ್ಯಪುರಂ
19 ಡಿಸೆಂಬರ್ 2024

ಲೂರ್ದು, ಲೂರ್ದು, ಲೂರ್ದು!

ಸಿಗುತ್ತದೆ! ಸಿಗದಿದ್ದರೆ ಸಿದ್ದರಾಜು ಬಿಡುವುದಿಲ್ಲ. "ಬಸ್ಸು ಯಾಕೆ ಟೀಚರಮ್ಮ, ನಾನೇ ಹೋಗಿ ಕರ್ಕೊಂಡು ಬಂದ್ಬುಡ್ತೀನಿ, ಆಟೊಗೆ ಸ್ಟಾರ್ ಕಟ್ಕೊಂಡು" ಎನ್ನುತ್ತಿದ್ದಾನೆ. ಅಷ್ಟು ದೂರ ಆಟೊದಲ್ಲಿ! ಬೇಡವೆಂದರೂ ಕೇಳುವ ಹಾಗೆ ಕಾಣುತ್ತಿಲ್ಲ, ಸೊಂಟಕ್ಕೆ ಒಂದು ದಿಂಬು ತೆಗೆದಿಟ್ಟುಕೋ.

ಕ್ಯಾರಲ್ಸ್‌ನವರು ನಿನ್ನೆ ನಮ್ಮ ಮನೆಗೂ ಬಂದಿದ್ದರು. ಕ್ರಿಸ್‌ಮಸ್ ತಾತನ ಗಡ್ಡ ಕಳಚಿ ಪಾಯಸದ ಲೋಟದೊಳಗೆ ಬಿತ್ತು. ನೀನು ಬರುವ ಸುದ್ದಿ ಹೇಳಿದೆ ನೋಡು, ಚೈತನ್ಯ ಡೋಲಕ್ಕನ್ನು ಎಷ್ಟು ಜೋರಾಗಿ ಬಾರಿಸಿದನೆಂದರೆ ಪಕ್ಕದ ಮನೆಯವರು ದೀಪ ಹಾಕಿಕೊಂಡು ಹೊರಗೆ ಬಂದರು.

ಈ ಸಲ ಚಳಿಯೆಂದು ಪೂಜೆ ಸಂಜೆ ಏಳಕ್ಕೇ. ರಾಗಿ ಹಸಿರಾಗಿ ಎದ್ದಿದೆ. ನಿನ್ನ ಮನೆಯ ಬೀಗ ತೆಗೆದು ಗುಡಿಸಿ, ಸಾರಿಸಿ, ಬಾಗಿಲಿಗೆ ನಕ್ಷತ್ರ ಕಟ್ಟಿದ್ದೇನೆ. ಬಾ!

ಮಂಗಳಾ


ವಿದ್ಯಾರಣ್ಯಪುರಂ
28 ಡಿಸೆಂಬರ್ 2024

ನನ್ನ ಲೂರ್ದು,

ನೀನು ಹೆರಿಗೆಯ ಮನೆಗೆ ವಾಪಸ್ಸು ಹೋಗಿ ಎರಡೇ ದಿನ, ಬೀದಿ ಬಿಕೋ ಎನ್ನುತ್ತಿದೆ. ಇದ್ದ ಎರಡು ದಿನವೂ ಮನೆ ತುಂಬ ಜನ, ನಿನ್ನ ಜೊತೆ ಸರಿಯಾಗಿ ಮಾತಾಡಲೇ ಆಗಲಿಲ್ಲ. ಅದಕ್ಕೇ ಮತ್ತೆ ಕಾಗದ. ಅಂದು ಸಂಜೆ ನೀನು ಮುಂದೆ ನಡೆಯುತ್ತಿದ್ದೆ, ನಿನ್ನ ಬೆನ್ನ ಹಿಂದೆ ಆದದ್ದು ನಿನಗೆ ಕಾಣಲಿಲ್ಲ. ಅದನ್ನು ನಾನು ಹೇಳಬೇಕು.

ನೀನು ಮಗುವನ್ನು ಹಿಡಿದು ಬಾಗಿಲು ದಾಟಿದಾಗ ಹಾಡು ನಿಂತೇಹೋಯಿತಲ್ಲ, ಅದು ಬೇಕೆಂದು ನಿಲ್ಲಿಸಿದ್ದಲ್ಲ. ಚೈತನ್ಯ ಬಾರಿಸುವುದನ್ನು ಮರೆತು ಎದ್ದು ನಿಂತ, ಅವನನ್ನು ನೋಡಿ ಉಳಿದವರೂ ಹಾಡು ಬಿಟ್ಟು ಎದ್ದರು. ಸಿದ್ದರಾಜು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಪಂಕಜಕ್ಕ ಕೊನೆಯ ಬೆಂಚಿನಲ್ಲಿ ನನ್ನ ಕೈಯನ್ನು ನೋಯುವ ಹಾಗೆ ಒತ್ತಿ ಹಿಡಿದಿದ್ದರು.

ನೀನು ನೇರವಾಗಿ ಹೋಗಿ ಮಲಗಿಸಿಬಿಡುತ್ತೀಯ ಅಂದುಕೊಂಡಿದ್ದೆ. ನೀನು ಗೋದಲಿಯ ಮುಂದೆ ನಿಂತೆ. ತಿರುಗಿದೆ. "ಮಂಗಳಾ, ಪಂಕಜಕ್ಕ, ಬನ್ನಿ ಇಲ್ಲಿ. ಇಬ್ಬರೂ ಬನ್ನಿ" ಎಂದೆ. ಅಷ್ಟು ಜನರ ಮುಂದೆ, ಅಷ್ಟು ಜೋರಾಗಿ. ನಾನು ಕೂತೇ ಇದ್ದೆ ಕಣೇ. ನಾನು ಒಂದು ಗೇಟಿನಿಂದ ಕೂಗದೆ ಹೋದದ್ದನ್ನು ನೀನು ಇಡೀ ಚರ್ಚಿಗೆ ಕೇಳುವ ಹಾಗೆ ಕೂಗಿದೆ. ನನ್ನನ್ನು ಎಬ್ಬಿಸಿ ಎಳೆದುಕೊಂಡು ಬಂದವರು ಪಂಕಜಕ್ಕ. "ಕರೀತಿದಾಳೆ, ಏಳೇ" ಎಂದರು. ಮಗುವನ್ನು ಮೂವರೂ ಹಿಡಿದು ಮಲಗಿಸುವಾಗ ಅವರು ಒಂದು ಕೈಯಿಂದ ಹುಲ್ಲು ಸರಿಮಾಡಿದ್ದನ್ನು ನೀನೂ ನೋಡಿದೆ. ಮನೆಗೆ ಬಂದು ದೇವರ ಮನೆಯ ಬಾಗಿಲಲ್ಲಿ ಕೂತು ಅತ್ತದ್ದನ್ನು ಮಾತ್ರ ನೋಡಲಿಲ್ಲ.

ಆಮೇಲೆ ನೀನು ಚೀಲದಿಂದ ನನ್ನ ರಾಣಿಯನ್ನು ತೆಗೆದೆ! ನನಗೆ ಕೊಡುತ್ತೀಯೆಂದು ಕೈಚಾಚಿದರೆ, ನೀನು ಅವಳನ್ನು ಒಯ್ದು ರಾಜನ ಪಕ್ಕದಲ್ಲಿ, ಮಗುವಿನ ಮುಂದೆ ನಿಲ್ಲಿಸಿದೆ. "ಫಾದರ್, ರಾಜರು ಮೂರೇ ಅಲ್ವಾ? ಇವಳು ಯಾರು?" ಎಂದು ಒಂದು ಪುಟ್ಟ ಹುಡುಗಿ ಕೇಳಿತಲ್ಲ, ಫಾದರ್ ಏನೂ ಯೋಚಿಸಲಿಲ್ಲ. "ದೂರದಿಂದ ಬಂದಿದ್ದಾಳೆ ಪುಟ್ಟಿ, ಸ್ವಲ್ಪ ಜಾಗ ಮಾಡು" ಎಂದರು. ಹುಡುಗಿ ಬ್ಯಾಂಡ್ ಮಾಸ್ಟರನ್ನು ಎತ್ತಿ ಆ ಕಡೆ ಇಟ್ಟಳು. ಈಗ ಊರಿನವರೆಲ್ಲ ರಾಣಿ ಇರುವ ಗೋದಲಿ ನೋಡಲು ಬರುತ್ತಿದ್ದಾರೆ. ಬೋಗಾದಿಯಿಂದಲೂ ಜನ ಬಂದಿದ್ದರು.

ಅವಳ ಸೀರೆಯ ಅಂಚು ಒಂದು ಕಡೆ ದಪ್ಪವಾಗಿದೆ. ಅದನ್ನು ಯಾರಿಗೂ ಸರಿಮಾಡಲು ಬಿಡುವುದಿಲ್ಲ.

ಫಾದರ್ ಕೊಟ್ಟ ಹೊಸ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 22, ಸೋಮವಾರಕ್ಕೆ ಕೆಂಪು ಗುರುತು ಹಾಕಿದ್ದೇನೆ. ನವರಾತ್ರಿಯ ಮೊದಲ ದಿನ. ಮೊದಲ ಆರತಿ ನಿನ್ನದು. ಪಂಕಜಕ್ಕನೇ ಕುಂಕುಮದ ಬಟ್ಟಲು ಹಿಡಿದು ನಿಲ್ಲುತ್ತಾರಂತೆ. ಬೇಕೋ ಬೇಡವೋ ನೀನು ಹೇಳು, ಈ ಸಲ ನಾವು ನಿರ್ಧರಿಸುವುದಿಲ್ಲ.

ನಿನ್ನ
ಮಂಗಳಾ


ಕೊಳ್ಳೇಗಾಲ
2 ಜನವರಿ 2025

ಪ್ರೀತಿಯ ಮಂಗಳಾ,

ನಿನ್ನೆ ಬೆಳಗ್ಗೆ ಹೆಣ್ಣು ಮಗುವಾಯಿತು! ಎರಡೂಮುಕ್ಕಾಲು ಕೆಜಿ, ತಲೆ ತುಂಬ ಕೂದಲು. ತಾಯಿ ಮಗು ಚೆನ್ನಾಗಿದ್ದಾರೆ. ಬಾಣಂತನ ಮುಗಿಸಿ, ಮಾರ್ಚಿನಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ ನನ್ನ ಮನೆಗೆ ಬಂದುಬಿಡುತ್ತೇನೆ. ಸಿದ್ದರಾಜುಗೆ ಹೇಳು, ಈ ಸಲ ಬಸ್ಸಿನಲ್ಲೇ ಬರುತ್ತೇನೆ. ಸೊಂಟ ಇನ್ನೂ ಸರಿಹೋಗಿಲ್ಲ.

ನಾನು ನಿಮ್ಮನ್ನು ಕರೆಯಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. ಆಟೊದಲ್ಲಿ ದಾರಿಯುದ್ದಕ್ಕೂ ಸಿಟ್ಟೇ ಇತ್ತು. ಗೋದಲಿಯ ಮುಂದೆ ನಿಂತಾಗ ಹಸುವಿನ ಮುಖ ನೋಡಿದೆ. ನಾನು ಬರೆದ ಹಾಗೆಯೇ, ನೀನು ಮಗುವಿನ ಕಡೆಗೆ ತಿರುಗಿಸಿದ್ದೆ. ಇವಳು ನನ್ನ ಮಾತನ್ನು ಒಂದೂ ಬಿಡದೆ ಕೇಳಿದ್ದಾಳೆ ಅನ್ನಿಸಿತು. ಆಗ ಬಾಯಿಗೆ ನಿನ್ನ ಹೆಸರೇ ಬಂತು.

ನವರಾತ್ರಿಗೆ ಕುಂಕುಮ ಬೇಡ. ಅವರಿದ್ದಾಗಲೂ ನಾನು ಇಟ್ಟುಕೊಂಡದ್ದು ನಿನ್ನ ಮನೆಯಲ್ಲಿ, ನಿನ್ನ ಖುಷಿಗೆ. ಎರಡು ಮೊಳ ಮಲ್ಲಿಗೆ ಇರಲಿ. ಪಂಕಜಕ್ಕನೇ ಮುಡಿಸಲಿ.

ಬರುವ ಭಾನುವಾರ ಮೂರು ರಾಯರ ಹಬ್ಬ. ಅಂದಿನವರೆಗೂ ರಾಣಿಯನ್ನು ಅಲ್ಲಿಂದ ತೆಗೆಯಬೇಡ. ಮಗುವನ್ನು ನೋಡಲು ಬಂದವಳು, ಹಬ್ಬ ಮುಗಿಸಿಕೊಂಡೇ ಹೋಗಲಿ. ಆಮೇಲೆ ಅವಳೂ ರಾಜನೂ ನಿನ್ನ ಮನೆಗೆ. ಬಾಲಯೇಸುವನ್ನು ಫಾದರ್ ಹತ್ತಿರವೇ ಬಿಡು, ಚರ್ಚಿನಲ್ಲೇ ಇರಲಿ. ನನ್ನ ಟ್ರಂಕಿನಲ್ಲಿ ಈಗ ಕೂಸಿನ ಬಟ್ಟೆ ಇಟ್ಟಿದ್ದೇನೆ.

ಭಾನುವಾರ ಪೂಜೆ ಹೇಗಾಯಿತು, ಯಾರು ಯಾರು ಬಂದಿದ್ದರು ಎಂದು ಕಾಗದ ಬರೆಯುತ್ತ ಕೂರಬೇಡ. ಬರಲು ಎರಡು ಮೂರು ದಿನ ಬೇಕು, ಅಷ್ಟು ದಿನ ಕಾಯಲು ನನ್ನ ಕೈಲಾಗುವುದಿಲ್ಲ. ಫೋನು ಮಾಡು.

ಎತ್ತುತ್ತೇನೆ.

ನಿನ್ನ
ಲೂರ್ದು